ಸೂಜಿ ಬೀಳುವ ನೆಲ

ಓಣಿಯವರಿಗೆಲ್ಲ ಅವಳು ಟೈಲರಕ್ಕ. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ, ನಡುವೆ ಒಂದು ಪರದೆ. ಗುಂಡುಸೂಜಿಗಳಿಗೆ ಪರದೆಯ ಹಂಗಿಲ್ಲ. ಕೆಲಸ ಕಲಿಯುವ ವಯಸ್ಸಿನಲ್ಲಿ ಅವಳ ಹಿಮ್ಮಡಿಗೆ ಹೊಕ್ಕ ಸೂಜಿಯೊಂದು ಒಳಗೇ ಮುರಿದು, ಡಾಕ್ಟರು ಕೊಯ್ದು ತೆಗೆದಿದ್ದರು. ಅಂದಿನಿಂದ ನೆಲ ಕಂಡರೆ ಅವಳ ಜೀವ ಝಲ್ಲೆನ್ನುತ್ತದೆ.

ಹಾಗಾಗಿ ಮಗಳು ಹುಟ್ಟಿದಾಗಿನಿಂದ ನೆಲ ಮುಟ್ಟಿರಲಿಲ್ಲ. ಹೊಲಿಯುವಾಗ ಜೋಲಿ, ಉಣ್ಣುವಾಗ ತೊಡೆ, ಉಳಿದ ಹೊತ್ತು ಅತ್ತೆಯ ಸೊಂಟ. ಏಳು ತಿಂಗಳಾದರೂ ಮಗು ಮಗುಚಿಕೊಳ್ಳಲಿಲ್ಲ. ಎದುರುಮನೆಯ ಕೂಸು ಇವಳಿಗಿಂತ ಚಿಕ್ಕದು, ಆಗಲೇ ತೆವಳುತ್ತಿತ್ತು. ಟೈಲರಕ್ಕ ಆ ಕಿಟಕಿಯತ್ತ ನೋಡುವುದನ್ನೇ ಬಿಟ್ಟಳು.

ಲಸಿಕೆ ಹಾಕಿಸಲು ಹೋದ ದಿನ ನರ್ಸಮ್ಮನ ಮುಂದೆ ಬಾಯಿಬಿಟ್ಟಳು. ನರ್ಸಮ್ಮ ಮಗುವಿನ ಕೈಕಾಲು ಮಡಚಿ, ಬಿಡಿಸಿ ನೋಡಿದಳು.

"ನೆಲದ ಮೇಲೆ ಆಡ್ತಾಳಾ?"

"ಅಯ್ಯೋ, ಬಿಡೋದೇ ಇಲ್ಲ."

"ಮತ್ತೆ ಗಾಳೀಲಿ ಈಜು ಕಲೀಬೇಕಾ ಪಾಪ? ಎಚ್ಚರ ಇರೋವಾಗ ಬೋರಲು ಹಾಕು. ಎದುರಿಗೆ ಬಣ್ಣದ್ದೇನಾದ್ರೂ ಇಟ್ಟು ನೀನೂ ಮಲಗಿ ಮಾತಾಡು. ಪಕ್ಕ ಬಿಟ್ಟು ಮಾತ್ರ ಏಳ್ಬೇಡ. ಮುಂದಿನ ತಿಂಗಳೂ ಹೀಗೇ ಇದ್ರೆ ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ."

ಆ ಕೊನೆಯ ಮಾತು ದಾರಿಯುದ್ದಕ್ಕೂ ಎದೆಯ ಮೇಲೆ ಕಲ್ಲಾಗಿ ಕೂತಿತ್ತು.

ಮನೆಗೆ ಬಂದವಳೇ ಗುಡಿಸಿದಳು, ಒರೆಸಿದಳು, ಹಳೆಯ ರೇಡಿಯೋದಿಂದ ಕಿತ್ತ ಅಯಸ್ಕಾಂತಕ್ಕೆ ದಾರ ಕಟ್ಟಿ ಮೂಲೆಮೂಲೆಗೂ ಎಳೆದಳು. ಎರಡು ಸೂಜಿ ಸಿಕ್ಕವು. ಸಿಗದೆ ಉಳಿದವುಗಳನ್ನು ನೆನೆದು ಬೆವರಿದಳು.

"ನೆಲ ಸವೆದುಹೋದೀತು ಕಣೇ," ಎಂದರು ಅತ್ತೆ. "ಚಾಪೆ ಹಾಸಿ ಕೂಸನ್ನ ಇಳಿಸು."

ಬೋರಲು ಹಾಕಿದ ಕೂಡಲೇ ಮಗು ಚೀರಿತು. ಅವಳು ಎತ್ತಿಕೊಂಡುಬಿಟ್ಟಳು. ಮರುದಿನವೂ ಅದೇ ಕಥೆ. "ಅವಳಿಗಿಂತ ನೀನೇ ಜಾಸ್ತಿ ಅಳ್ತೀಯಲ್ಲೇ!" ಎಂದು ಅತ್ತೆ ಕಿಚಾಯಿಸಿದರು. ಆಮೇಲೆ ಟೈಲರಕ್ಕ ಕೆಂಪು ಚಿಂದಿಯಲ್ಲಿ ಚೆಂಡೊಂದು ಹೊಲಿದು, ಹಲ್ಲು ಕಚ್ಚಿ, ಆ ನೆಲದ ಮೇಲೆ ತಾನೇ ಮಲಗಿದಳು. ಅಮ್ಮನ ಮುಖ ತನ್ನ ಮುಖದ ಎದುರು ಬಂದಾಗ ಮಗು ಅಳು ನುಂಗಿ ಕತ್ತೆತ್ತಿತು. ದಿನ ಕಳೆದಂತೆ ಕತ್ತು ನಿಂತಿತು, ಮೊಣಕೈ ಊರಿತು. ಆದರೂ ಅಂಗಾತ ಹಾಕಿದರೆ ಹಾಗೇ ಬಿದ್ದಿರುತ್ತಿತ್ತು. ತಿಂಗಳು ಮುಗಿಯುತ್ತ ಬಂತು.

ಒಂದು ಬೆಳಗ್ಗೆ ಅಂಗಾತ ಮಲಗಿದ್ದ ಮಗುವಿನ ಪಕ್ಕಕ್ಕೆ ಚೆಂಡು ಉರುಳಿತು. ಮಗು ಅದರ ಹಿಂದೆಯೇ ಕಣ್ಣು ಹೊರಳಿಸಿತು, ಸೊಂಟ ತಿರುವಿತು, ಮಗುಚಿತು. ಕೈಯೊಂದು ಮೈಯಡಿ ಸಿಕ್ಕಿಕೊಂಡಿತು.

ಬಿಡಿಸಲು ಬಾಗಿದ ಟೈಲರಕ್ಕನಿಗೆ "ಮುಟ್ಟಬೇಡ!" ಎಂದರು ಅತ್ತೆ.

ಮಗು ತಿಣುಕಿ ಕೈ ಎಳೆದುಕೊಂಡಿತು. ಚೆಂಡನ್ನು ಬಿಟ್ಟು, ಚಾಪೆಯಾಚೆ ಕೈ ಚಾಚಿ, ನೆಲದಿಂದ ಏನನ್ನೋ ಹೆಕ್ಕಿ ಬಾಯಿಗೊಯ್ದಿತು. ಟೈಲರಕ್ಕ ಹಾರಿ ಆ ಮುಷ್ಟಿ ಬಿಡಿಸಿದಳು.

ದಾರದ ತುಣುಕು.

ಮಗಳನ್ನು ಅಪ್ಪಿ ನಕ್ಕಳು, ಅತ್ತಳು. ಆಮೇಲೆ ಕೈಚಾಚಿದಳು. "ಅತ್ತೆ, ಅಯಸ್ಕಾಂತ ಕೊಡಿ."

"ಈಗ ತಾನೇ ಎಳೆದೆಯಲ್ಲೇ?"

"ಆಗ ಇವಳು ಇದ್ದಲ್ಲೇ ಇರ್ತಿದ್ಲು."