ತಿರುಗಾಟದ ಬುತ್ತಿ

ನಮ್ಮ ಮನೆಯವರು ವಿದೇಶದಲ್ಲಿ ಕೆಲಸ ಮುಗಿದ ಮೇಲೆ ಎಷ್ಟು ದಿನ ಸುಮ್ಮನೆ ತಿರುಗುತ್ತಾರೆ ಎಂಬುದನ್ನು ನಾನು ಟಿಕೆಟ್ ನೋಡದೆಯೇ ಹೇಳಬಲ್ಲೆ. ಅವರು ಎಷ್ಟು ಖಡಕ್ ರೊಟ್ಟಿ ಕೇಳುತ್ತಾರೆಂದು ಗೊತ್ತಾದರೆ ಸಾಕು.

ಅವರದು ಇಳಕಲ್ಲಿನ ಕೆಂಪು ಗ್ರಾನೈಟಿನ ಕಂಪನಿಯಲ್ಲಿ ಕೆಲಸ. ಕಲ್ಲು ಮಾರಲು ಆಗಾಗ ಇಟಲಿಗೆ ಹೋಗುತ್ತಾರೆ. ಕೆಲಸದ ದಿನಗಳಲ್ಲಿ ಕೊಳ್ಳುವವರೇ ಊಟ ಹಾಕುತ್ತಾರೆ. ಕೆಲಸ ಮುಗಿಸಿ ಊರು ನೋಡಲು ಉಳಿಯುತ್ತಾರಲ್ಲ, ಆ ದಿನಗಳಿಗೆ ನನ್ನ ಬುತ್ತಿ. ವಿಮಾನದ ಖರ್ಚು ಹೇಗೂ ಕಂಪನಿಯದು, ಎರಡು ದಿನ ಹೆಚ್ಚಿಗೆ ಇದ್ದರೆ ಏನು ಹೋಯಿತು ಎಂಬುದು ಅವರ ವಾದ. ಆ ಎರಡು ದಿನ ಬರಬರುತ್ತಾ ವಾರವಾಯಿತು. ನಾನು ಸಾಲೆಯಿಂದ ಬಂದು ಒಲೆಯ ಮುಂದೆ ಕೂತು ಬಡಿಯುವ ರೊಟ್ಟಿಯೂ ಅದಕ್ಕೆ ತಕ್ಕಂತೆ ಏರಿತು.

ನನಗೂ ಕೆಲಸದ ಪ್ರವಾಸ ಇಲ್ಲವೆಂದಲ್ಲ. ಹುನಗುಂದದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಬೇಸಿಗೆಯಲ್ಲಿ ಉತ್ತರಪತ್ರಿಕೆ ತಿದ್ದಲು ಬಾಗಲಕೋಟೆಗೆ ಕಳಿಸುತ್ತಾರೆ. ಬರುವಾಗ ನಾನೂ ಸುತ್ತು ಹೊಡೆದು ಗುಳೇದಗುಡ್ಡದಲ್ಲಿ ಇಳಿದು, ಕುಪ್ಪಸಕ್ಕೆ ಒಂದು ಖಣ ಕೊಂಡು, ಚಹಾ ಕುಡಿದು ಬರುತ್ತೇನೆ. ಅಷ್ಟಕ್ಕೇ ಮನೆಯಲ್ಲಿ "ಯಾಕ ಇಷ್ಟ ಹೊತ್ತಾತು?" ಎಂಬ ವಿಚಾರಣೆ. ಇಟಲಿಯಿಂದ ವಾರ ತಡವಾಗಿ ಬಂದವರನ್ನು ಹಾಗೆ ಯಾರೂ ಕೇಳುವುದಿಲ್ಲ, ಫೋಟೋ ತೋರಿಸ್ರಿ ಎನ್ನುತ್ತಾರೆ.

"ನಾನೂ ಬರ್ತೇನ್ರಿ" ಎಂದು ಹೇಳಿದ್ದೇನೆ, ಒಂದು ಸಲವಲ್ಲ. ಪಾಸ್‌ಪೋರ್ಟನ್ನೂ ಮಾಡಿಸಿದೆ.

"ಇದು ಕೆಲಸದ ಮ್ಯಾಲ ಹೋಗೂದು. ಮುಂದಿನ ಸಲ ನೋಡೂಣು."

ಪಾಸ್‌ಪೋರ್ಟು ಟ್ರಂಕಿನಲ್ಲಿ, ಸೀರೆಗಳ ನಡುವೆ, ಹೊಚ್ಚ ಹೊಸದಾಗಿಯೇ ಇದೆ.

ನಮ್ಮ ಐಹೊಳೆಯ ವರ್ತಕರು ಹಿಂದೆ ನೆಲ ಜಲ ಎನ್ನದೆ ದೇಶದೇಶ ತಿರುಗಿದವರು. ಅದನ್ನು ಶಾಸನಗಳಲ್ಲಿ ಹೆಮ್ಮೆಯಿಂದ ಕೆತ್ತಿಸಿಕೊಂಡರು. ಅವರೂ ವ್ಯಾಪಾರ ಮುಗಿದ ಮೇಲೆ ನಾಲ್ಕು ದಿನ ಸಮುದ್ರ ನೋಡುತ್ತಾ ಕೂತಿರಬೇಕು. ಬುತ್ತಿ ಕಟ್ಟಿದವರು ಯಾರೆಂದು ಯಾವ ಕಲ್ಲಿನಲ್ಲೂ ಬರೆದಂತಿಲ್ಲ.

ಕಳೆದ ಚಳಿಗಾಲದಲ್ಲಿ ಇಟಲಿಯಲ್ಲಿ ಇವರಿಂದ ಕಲ್ಲು ಕೊಳ್ಳುವವನೊಬ್ಬ ಇಲ್ಲಿಯ ಕಲ್ಲಿನ ಕ್ವಾರಿ ನೋಡಲು ಬಂದ. ಅವನೂ ಬಂದದ್ದು ಕೆಲಸದ ಮೇಲೆಯೇ, ಆದರೆ ಜೊತೆಗೆ ಹೆಂಡತಿಯಿದ್ದಳು. ಕೆಲಸ ಮುಗಿಸಿ ಎಲ್ಲರೂ ಬಾದಾಮಿಗೆ ಹೋದೆವು. ಗುಹೆಗಳನ್ನು ಹತ್ತಿಳಿದು ಹೊಂಡದ ದಂಡೆಯಲ್ಲಿ ಬುತ್ತಿ ಬಿಚ್ಚಿದೆ. ಆಕೆ ರೊಟ್ಟಿ ಮುರಿದು ಬಾಯಿಗಿಟ್ಟವಳೇ ಕಣ್ಣರಳಿಸಿದಳು. ನಿಮ್ಮ ಯಜಮಾನರು ನಮ್ಮ ಮನೆಗೂ ತರುತ್ತಾರೆ, ನಮ್ಮ ಮಕ್ಕಳಿಗೆ ಬಹಳ ಇಷ್ಟ ಎಂದಳು. ಆಮೇಲೆ ನನ್ನ ಕೈ ಹಿಡಿದು, ನಿಮಗೆ ಪ್ರವಾಸವೆಂದರೆ ಸೇರುವುದಿಲ್ಲವಂತೆ, ಅವರು ಹೇಳುತ್ತಿರುತ್ತಾರೆ, ಇಲ್ಲದಿದ್ದರೆ ನೀವೂ ಬರಬಹುದಿತ್ತು ಎಂದಳು. ನನ್ನ ಎಂಟನೆಯ ತರಗತಿಯ ಮಕ್ಕಳಿಗೂ ತಿಳಿಯುವಂಥ ಸರಳ ಇಂಗ್ಲಿಷು.

ನಮ್ಮ ಮನೆಯವರು ಆಚೆ ದಡದ ಗುಡಿಯನ್ನು ಹುಟ್ಟಿದಾಗಿನಿಂದ ನೋಡದವರಂತೆ ನೋಡುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಕರೆದುಕೊಂಡು ಹೋಗದಿದ್ದರೆ ಹಾಳಾಗಿ ಹೋಗಲಿ, ನನ್ನ ಆಸೆಯನ್ನೇ ಇಲ್ಲವೆಂದು ಊರೆಲ್ಲ ಹೇಳಿಕೊಂಡು ಬರುವುದೆ? ಅತಿಥಿಗಳ ಮುಂದೆ ಏನೆನ್ನುವುದು, ಆಕೆಗೆ ಇನ್ನೊಂದು ರೊಟ್ಟಿ ಕೊಟ್ಟೆ.

ಮೊನ್ನೆ ಇವರು ಮತ್ತೆ ಹೊರಟರು. "ಈ ಸಲ ರೊಟ್ಟಿ ಒಂಚೂರು ಜಾಸ್ತಿ ಬಡಿ" ಎಂದರು.

"ನನಗ ರೊಟ್ಟಿ ಬಡಿಯೂದು ಸೇರೂದಿಲ್ರಿ."

"ಯಾವಾಗಿಂದ?"

"ತಿರುಗೂದು ಸೇರದಂಗ ಆತಲ್ರಿ, ಅವಾಗಿಂದ."

ಅವರು ಪೇಟೆಯಿಂದ ರೊಟ್ಟಿ ಕಟ್ಟಿಸಿಕೊಂಡು ಹೋದರು. ಆ ಇಟಲಿಯ ಹೆಣ್ಣುಮಗಳು ಒಂದು ತುಣುಕು ಬಾಯಿಗಿಟ್ಟರೆ ಸಾಕು, ಇದು ನನ್ನ ಕೈಯದಲ್ಲವೆಂದು ತಿಳಿದುಬಿಡುತ್ತದೆ. ಯಾಕೆಂದು ಕೇಳಿಯೇ ಕೇಳುತ್ತಾಳೆ. ಇವರು ಏನಾದರೂ ಒಂದು ಹೇಳುತ್ತಾರೆ. ಅಲ್ಲವೆನ್ನಲು ಈ ಸಲವೂ ನಾನು ಅಲ್ಲಿರುವುದಿಲ್ಲ.