ಉಪ್ಪಿಟ್ಟಿಗೆ ಸೈನಿಲ್ಲ

ಬಂಡಳ್ಳಿಯ ವಾಚನಾಲಯ ಸಂಘದ ಕಾರ್ಯದರ್ಶಿ ಶಾಂತಮೂರ್ತಿಯವರಿಗೆ ಇದ್ದದ್ದು ಎರಡೇ ಚಿಂತೆ: ಒಂದು ಬೈಲಾ, ಇನ್ನೊಂದು ಪೆನ್ನು. ಸಭೆಯಲ್ಲಿ ಹಾಜರಿ ಪುಸ್ತಕ ಕೈಯಿಂದ ಕೈಗೆ ಹೋಗುತ್ತಿದ್ದರೆ ಅವರ ಕಣ್ಣು ಅದರ ಜೊತೆ ಹೋಗುವ ಪೆನ್ನಿನ ಮೇಲೆ. ಸೈನ್ ಹಾಕಿ ಪೆನ್ನನ್ನು ಜೇಬಿಗೆ ಇಳಿಸುವ ಮಹನೀಯರು ಆ ಊರಿನಲ್ಲಿ ಕಡಿಮೆಯೇನಿರಲಿಲ್ಲ. ಆದರೂ ಅವರ ಹನ್ನೊಂದು ವರ್ಷದಲ್ಲಿ ಸಂಘದ ಒಂದು ಪೆನ್ನೂ ಕಳೆದಿರಲಿಲ್ಲ.

ಈ ಸಲ ಕಾರ್ಯದರ್ಶಿ ಸ್ಥಾನಕ್ಕೆ ಚುನಾವಣೆ. ಮತ್ತೆ ತಾವೇ ಆಗಬೇಕೆಂಬ ಆಸೆ ಅವರಿಗೆ ಬಹಳವಿತ್ತು. ಶಾಲೆಯ ಗುಮಾಸ್ತಿಕೆಯಿಂದ ನಿವೃತ್ತರಾದ ಮೇಲೆ ಬೆಳಗ್ಗೆ ಇಸ್ತ್ರಿ ಅಂಗಿ ತೊಡಲು ಉಳಿದಿದ್ದ ನೆಪ ಅದೊಂದೇ. ಆದರೆ ಬೈಲಾ ಅಂದರೆ ಬೈಲಾ. ಹಿಂದಿನ ಮೂರು ಸಭೆಗಳಲ್ಲಿ ಒಂದಕ್ಕಾದರೂ ಸೈನ್ ಹಾಕದವರಿಗೆ ಮತವೂ ಇಲ್ಲ, ಚುನಾವಣೆಗೆ ನಿಲ್ಲುವ ಹಕ್ಕೂ ಇಲ್ಲ. ಸ್ಕೇಲಿಟ್ಟು ಒಂಬತ್ತು ಹೆಸರಿಗೆ ಕೆಂಪು ಗೀಟು ಎಳೆದು ಸದಸ್ಯರ ಪಟ್ಟಿಯನ್ನು ಬಾಗಿಲಿಗೆ ಅಂಟಿಸಿದರು.

ಆ ಒಂಬತ್ತರಲ್ಲಿ ಒಬ್ಬರಾದ ದೊಡ್ಡಬಸಮ್ಮ ಸೀದಾ ಒಳಗೆ ಬಂದರು.

"ಮೂರು ಸಭೆಗೂ ಬಂದಿವ್ನಿ ಸಾ ನಾನು."

"ಸೈನ್ ಇಲ್ವಲ್ಲವ್ವ."

"ಒಲೆ ಮುಂದೆ ಉಪ್ಪಿಟ್ಟು ಕೆದುಕ್ತಿದ್ದೆ. ನೀವೇ ಎಲ್ಡ್ ಸರ್ತಿ ಆಕುಸ್ಕಂಡ್ರಿ."

"ಉಪ್ಪಿಟ್ಗೆ ಸೈನ್ ಇರಲ್ಲ ಕಣವ್ವ."

"ಅಂಗಾರೆ ನಿಮ್ಮ ಸೈನ್ ಎಲ್ಲದೆ, ತೋರ್ಸಿ."

ಶಾಂತಮೂರ್ತಿ ನಗುತ್ತಲೇ ಪುಸ್ತಕ ತೆರೆದರು. ಮೊದಲನೆಯ ಸಭೆಯಲ್ಲಿ ಅವರ ಸೈನಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದರ ಹೊತ್ತಿಗೆ ನಗು ನಿಂತಿತು. ಪೆನ್ನು ಕಾಯುವ ಭರದಲ್ಲಿ ಆ ಪೆನ್ನಿನಿಂದ ತಮ್ಮ ಹೆಸರು ಬರೆಯುವುದನ್ನೇ ಮರೆತಿದ್ದರು ಪುಣ್ಯಾತ್ಮ.

ಪುಟದ ಕೆಳಗೆ ಎರಡು ಸಾಲು ಖಾಲಿ ಇತ್ತು. ಪೆನ್ನು ಕೈಯಲ್ಲೇ ಇತ್ತು. ದೊಡ್ಡಬಸಮ್ಮ ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದರು.

"ಅದೆಯಾ ಸಾ?"

ಶಾಂತಮೂರ್ತಿ ಪೆನ್ನಿಗೆ ಮುಚ್ಚಳ ಹಾಕಿದರು. "ಇಲ್ಲ ಕಣವ್ವ," ಎಂದರು. ಎದ್ದು ಬಾಗಿಲಿಗೆ ಹೋಗಿ, ಸ್ಕೇಲಿಟ್ಟು, ತಮ್ಮ ಹೆಸರಿಗೂ ಕೆಂಪು ಗೀಟು ಎಳೆದರು. ಗೀಟು ನೆಟ್ಟಗೇ ಬಂತು.

ಚುನಾವಣೆಯ ದಿನ ಅಂಗನವಾಡಿ ಟೀಚರ್ ಕವಿತ ಅವಿರೋಧವಾಗಿ ಆಯ್ಕೆಯಾದರು. ಇಸ್ತ್ರಿ ಅಂಗಿಯಲ್ಲೇ ಬಂದಿದ್ದ ಶಾಂತಮೂರ್ತಿ ಹಿಂಬದಿಯಲ್ಲಿ ಕೂತು ದೊಡ್ಡಬಸಮ್ಮನಿಗೆ ಈರುಳ್ಳಿ ಹೆಚ್ಚಿಕೊಡುತ್ತಿದ್ದರು. ಹೊಸ ಕಾರ್ಯದರ್ಶಿ ಹಾಜರಿ ಪುಸ್ತಕವನ್ನು ಒಲೆಯ ಹತ್ತಿರಕ್ಕೇ ತಂದರು. ದೊಡ್ಡಬಸಮ್ಮ ಕೈ ಒರೆಸಿಕೊಂಡು ಸೈನ್ ಹಾಕಿದರು. ಶಾಂತಮೂರ್ತಿಯೂ ಹಾಕಿದರು, ಎರಡು ಸಾಲಿನಷ್ಟು ದೊಡ್ಡದಾಗಿ.

ಮನೆಗೆ ಹೋಗಿ ಅಂಗಿ ಬಿಚ್ಚುವಾಗ ನೋಡಿದರೆ, ಸಂಘದ ಪೆನ್ನು ಅವರ ಜೇಬಿನಲ್ಲಿತ್ತು.