ಬಗ್ಗಿದಾಗ ಊದುತ್ತಿದ್ದ ಕೆನ್ನೆ

ಕಳೆದ ವಾರ ಹೆಂಡತಿಯ ಹೊಟ್ಟೆಯ ಸ್ಕ್ಯಾನಿಂಗಿಗೆಂದು ಲಗ್ಗೆರೆ ಹತ್ತಿರದ ಹಳೇ ಸೆಂಟರಿಗೇ ಹೋಗಿದ್ದೆ. ಮೇಜಿನ ಮೇಲೆ ಜೆಲ್ಲಿನ ಬಾಟಲಿ ಕಂಡದ್ದೇ ತಡ, ನನ್ನ ಎಡಗೆನ್ನೆ ತಣ್ಣಗಾದಂತಾಯಿತು... ವರ್ಷಗಳ ಹಿಂದೆ ಇಲ್ಲೇ ನನ್ನ ಕೆನ್ನೆ ನೋಡಿದ್ದ ಸ್ಕ್ಯಾನಿಂಗ್ ಮೇಡಂ ನೆನಪಾದರು.

ಆಗ ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ನಡೆಸುವ ಟರ್ನರ್. ಕಿವಿಯ ಮುಂದೆ, ದವಡೆಯ ಮೇಲೆ ಒಂದು ಗಂಟು ಎದ್ದಿತ್ತು. ಜೊಲ್ಲಿನ ಗ್ರಂಥಿಯ ಗಡ್ಡೆ ಎಂದು ಇಬ್ಬರು ಡಾಕ್ಟರು ಹೇಳಿದ್ದರು. ಸೂಜಿ ಚುಚ್ಚಿ ನೋಡಿದರೆ ಬರೀ ರಕ್ತ ಬಂತು. ಎಲ್ಲೋ ನಾಳಕ್ಕೆ ತಾಗಿರಬೇಕು ಎಂದು ಬಿಟ್ಟರು. ಆಪರೇಷನ್ನಿಗೆ ದಿನವೂ ಗೊತ್ತಾಯಿತು. ಮುಖದ ನರ ಅಲ್ಲೇ ಹಾದುಹೋಗುತ್ತದಂತೆ, ಅದಕ್ಕೆ ಪೆಟ್ಟಾದರೆ ಬಾಯಿ ಸೊಟ್ಟಗಾಗಬಹುದಂತೆ. ನನಗೆ ಕ್ಯಾನ್ಸರಿಗಿಂತ ಆ ಸೊಟ್ಟ ಬಾಯಿಯದೇ ಭಯ. ಕನ್ನಡಿ ಮುಂದೆ ನಿಂತು ನಕ್ಕು ನಕ್ಕು ನೋಡಿಕೊಳ್ಳುತ್ತಿದ್ದೆ.

ಆಪರೇಷನ್ನಿಗೆ ಮುಂಚೆ ಇನ್ನೊಂದು ಸ್ಕ್ಯಾನಿಂಗ್ ಆಗಲಿ ಎಂದು ಈ ಸೆಂಟರಿಗೆ ಕಳಿಸಿದರು. ಮೇಡಂ ಮಾತು ಕಮ್ಮಿ. ಬರೆಯುತ್ತಿರುವಾಗ ಅವರ ಪೆನ್ನು ಬಿದ್ದು ಮಂಚದ ಕೆಳಗೆ ಉರುಳಿತು. ನಮ್ಮ ಕಾರ್ಖಾನೆಯಲ್ಲಿ ನೆಲಕ್ಕೆ ಏನು ಬಿದ್ದರೂ ಆಗಿಂದಾಗಲೇ ಎತ್ತಬೇಕು, ಇಲ್ಲದಿದ್ದರೆ ಫೋರ್‌ಮನ್ ಬಿಡುತ್ತಿರಲಿಲ್ಲ. ಅದೇ ಅಭ್ಯಾಸಕ್ಕೆ ಮಂಡಿಯೂರಿ, ತಲೆ ತಗ್ಗಿಸಿ, ತಡಕಾಡಿ ಎತ್ತಿಕೊಟ್ಟೆ. ಅವರು ಪೆನ್ನು ತೆಗೆದುಕೊಳ್ಳಲೇ ಇಲ್ಲ. ನನ್ನ ಕೆನ್ನೆಯನ್ನೇ ನೋಡುತ್ತಿದ್ದರು.

"ಇನ್ನೊಂದ್ಸಲ ಬಗ್ಗಿ ಅಣ್ಣ. ಹಂಗೇ ಇರಿ ಸ್ವಲ್ಪ."

ಬಗ್ಗಿದೆ, ಗಂಟು ಊದಿತು. ಎದ್ದು ಕೂತರೆ ನಿಧಾನಕ್ಕೆ ಇಳಿಯಿತು. ಉಸಿರು ಬಿಗಿಹಿಡಿದರೆ ಏನಾಗುತ್ತದೆ, ಕೆಮ್ಮಿದರೆ ಏನಾಗುತ್ತದೆ ಎಂದು ಒಂದೊಂದನ್ನೂ ಮಾಡಿಸಿ ನೋಡಿದರು. ಮಷಿನ್ನಿನ ಹಿಡಿಯಿಂದ ಒತ್ತಿದರೆ ಅಡಗುತ್ತಿತ್ತು, ಬಿಟ್ಟರೆ ತುಂಬಿಕೊಳ್ಳುತ್ತಿತ್ತು. ದಿನವಿಡೀ ಲೇತ್ ಮೇಲೆ ಬಗ್ಗಿರುತ್ತಿದ್ದ ನನಗೆ ಸಂಜೆಗೆ ಕೆನ್ನೆ ದಪ್ಪಗಾಗುವುದು ಗೊತ್ತೇ ಇತ್ತು. ಸುಸ್ತಿಗಿರಬೇಕು ಎಂದು ಯಾರಿಗೂ ಹೇಳಿರಲಿಲ್ಲ, ನನ್ನ ದಡ್ಡತನ. ಡಾಕ್ಟರುಗಳೂ ನೆಟ್ಟಗೆ ಕೂರಿಸಿಯೇ ನೋಡಿದ್ದರು.

"ಇದು ಗ್ರಂಥಿದಲ್ಲ ಅನ್ಸುತ್ತೆ. ರಕ್ತನಾಳಗಳೇ ಹೆಣ್ಕೊಂಡು ಉಬ್ಬಿರೋದು. ತುಂಬಾ ಅಪರೂಪ," ಎಂದರು. ಅವರ ಮುಖದಲ್ಲಿ ಎಷ್ಟು ಸಂತೋಷವಿತ್ತೆಂದರೆ, ನನಗೂ ನನ್ನ ಕೆನ್ನೆಯ ಬಗ್ಗೆ ಹೆಮ್ಮೆಯಾಯಿತು. ನನ್ನೆದುರೇ ಸರ್ಜನ್ನಿಗೆ ಫೋನ್ ಮಾಡಿದರು. ಎಂಆರ್‌ಐ ಕೂಡ ಅದನ್ನೇ ಹೇಳಿತು, ಆಪರೇಷನ್ ನಿಂತಿತು. ವರ್ಷಕ್ಕೊಮ್ಮೆ ಬಂದು ತೋರಿಸಿ ಎಂದು ಮೇಡಂ ಹೇಳಿದ್ದರು. ಎರಡು ವರ್ಷ ಹೋದೆ, ಆಮೇಲೆ ಸೋಮಾರಿತನ...

ಈ ಸಲ ಅವರ ಕುರ್ಚಿಯಲ್ಲಿ ಬೇರೊಬ್ಬ ಡಾಕ್ಟರಿದ್ದರು. ಮೇಡಂ ಎಲ್ಲಿ ಎಂದು ಕೇಳಿದೆ. ತೀರಿಕೊಂಡು ಎಂಟು ತಿಂಗಳಾಯಿತು ಎಂದರು. ಏನಾಗಿತ್ತು ಎಂದೆ.

"ಹೊಟ್ಟೆ ಕ್ಯಾನ್ಸರ್. ಗೊತ್ತಾಗಿದ್ದೇ ಲೇಟ್ ಸಾರ್. ಮೇಡಂ ಬರೀ ಗ್ಯಾಸ್ಟ್ರಿಕ್ ಅಂದ್ಕೊಂಡಿದ್ರು."

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಕೈ ತಾನಾಗಿ ಎಡಗೆನ್ನೆಗೆ ಹೋಯಿತು, ಕಣ್ಣು ತುಂಬಿಬಂತು. ಹೆಂಡತಿ ಗಾಬರಿಯಾಗಿ, ಕೆನ್ನೆ ನೋಯ್ತಿದ್ಯೇನ್ರೀ ಎಂದಳು. ಹೂಂ ಎಂದೆ.